ತೋಟಕ್ಕೂ ಆಗಬೇಕು, ಟೆಂಟಿಗೂ ಆಗಬೇಕು: ಯಾವ ಲೈಟು ತಗೊಳ್ಳಲಿ?

ಕೆಳಗಿನತೋಟ:

ಎಲ್ಲರಿಗೂ ನಮಸ್ಕಾರ. ಸಾಗರದಿಂದ 15 ಕಿಲೋಮೀಟರ್ ಒಳಗೆ ನಮ್ಮ ಮನೆ. 2 ಎಕರೆ ಅಡಿಕೆ ತೋಟ. ಅಂಗಳದಿಂದ 70 ಮೆಟ್ಟಿಲು ಇಳಿದರೆ ಮೋಟರ್ ಮನೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ 11 ಗಂಟೆಗೊಮ್ಮೆ, ಬೆಳಗಿನ ಜಾವ ಒಮ್ಮೆ ಇಳಿದು ಹತ್ತಲೇಬೇಕು. ಕೊಯ್ಲಿನ ಟೈಮಲ್ಲಂತೂ ಸುಲಿಯೋರು ಅಂಗಳದಲ್ಲಿ ಕೂತಿರುವಾಗಲೇ ಕರೆಂಟು ಹೋಗತ್ತೆ, ಅದೇನು ಶಾಪವೋ.

ಇದರ ಮೇಲೆ ಡಿಸೆಂಬರ್ ರಜೆಯಲ್ಲಿ ಅಣ್ಣನ ಮಕ್ಕಳು ಬರ್ತಾರೆ. ಶರಾವತಿ ಹಿನ್ನೀರಿನ ಹತ್ತಿರ ನೆಂಟರ ಜಾಗ ಇದೆ, ಅಲ್ಲಿ ಟೆಂಟು ಹಾಕಿ 2 ರಾತ್ರಿ ಇರೋಣ ಅಂತ ಅವರ ಹಟ.

ಹೋದ ವರ್ಷ ಒಂದು ಲ್ಯಾಂಟರ್ನ್ ತರಿಸಿದ್ದೆ. ಡಬ್ಬಿ ಮೇಲೆ ಬೆಳಕು 10,000 ಲ್ಯೂಮೆನ್, ಸೋಲಾರ್, ವಾಟರ್‌ಪ್ರೂಫ್, ಎಲ್ಲಾ ಬರೆದಿತ್ತು. ಮೊದಲ ವಾರ ಮದುವೆ ಮನೆ ಬೆಳಕು. ಆಷಾಢ ಕಳೆಯೋದ್ರಲ್ಲಿ ಅರ್ಧ ಗಂಟೆ ಉರಿದರೆ ದೊಡ್ಡದು ಅನ್ನೋ ಸ್ಥಿತಿ. ಈ ಸಲ 2,000 ರೂಪಾಯಿ ತನಕ ಹಾಕ್ತೀನಿ, ಆದರೆ ಮತ್ತೆ ಮೋಸ ಹೋಗೋಕೆ ತಯಾರಿಲ್ಲ. ಏನು ನೋಡಿ ತಗೋಬೇಕು?

ಚಾರಣದಹುಚ್ಚು:

ಹೆಡ್‌ಲ್ಯಾಂಪ್ ತಗೊಳ್ಳಿ, ಕಣ್ಣು ಮುಚ್ಚಿಕೊಂಡು. ಎರಡೂ ಕೈ ಖಾಲಿ ಇರ್ತವೆ. ಕೆಂಪು ಬೆಳಕಿನ ಬಟನ್ ಇರೋದು ನೋಡಿ. ರಾತ್ರಿ ಟೆಂಟಿನಲ್ಲಿ ಏನಾದರೂ ಹುಡುಕುವಾಗ ಮಲಗಿದವರ ಮುಖಕ್ಕೆ ಹೊಡೆಯಲ್ಲ, ಕತ್ತಲಿಗೆ ಹೊಂದಿಕೊಂಡ ನಿಮ್ಮ ಕಣ್ಣೂ ಕೆಡಲ್ಲ.

ಬೆಸುಗೆಕಡ್ಡಿ:

ಕೆಳಗಿನತೋಟ ಅವರೇ, ನಂದು ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ. ಮಳೆಗಾಲ ಬಂತು ಅಂದರೆ ಟೇಬಲ್ ತುಂಬ ನಿಮ್ಮಂಥವರ ಲ್ಯಾಂಟರ್ನೇ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಮೊದಲು ಆ 10,000ದ ಲೆಕ್ಕ. ಮನೆಯ 9 ವ್ಯಾಟ್ ಬಲ್ಬು ಕೊಡೋದು ಹೆಚ್ಚುಕಮ್ಮಿ 900 ಲ್ಯೂಮೆನ್, ಅಂದರೆ ವ್ಯಾಟಿಗೆ 100. ಹಾಗಾದರೆ 10,000 ಬೇಕಾದರೆ 100 ವ್ಯಾಟ್. ಇಂಥ ಲೈಟಿನೊಳಗೆ ಇರೋದು ಸಾಮಾನ್ಯವಾಗಿ 18650 ಅನ್ನೋ ಲಿಥಿಯಂ ಸೆಲ್: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 2,600 ಎಂಎಎಚ್‌ನ ಒಳ್ಳೇ ಸೆಲ್ (ಎಂಎಎಚ್ ಅಂದರೆ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ಆದರೂ 3.7 ವೋಲ್ಟಿಗೆ ಗುಣಿಸಿದರೆ ಸಿಗೋದು ಒಂಬತ್ತೂವರೆ ವ್ಯಾಟ್‌ಅವರ್. 100 ವ್ಯಾಟ್ ಎಳೆದರೆ ಆರು ನಿಮಿಷಕ್ಕೆ ಖಲಾಸ್, ಅದಕ್ಕೂ ಮೊದಲು ಪ್ಲಾಸ್ಟಿಕ್ಕೇ ಕರಗತ್ತೆ. ಅದೇ 200 ಲ್ಯೂಮೆನ್ ಸಾಕು ಅಂದರೆ ಒಂದೇ ಸೆಲ್ಲಲ್ಲಿ ನಾಲ್ಕೂವರೆ ಗಂಟೆ. ಟೆಂಟಿನೊಳಗೆ 50ರಿಂದ 100 ಧಾರಾಳ. ಸುಲಿಯೋ ಅಂಗಳಕ್ಕೆ 400–500 ಇರಲಿ, 2 ಅಥವಾ 3 ಸೆಲ್ಲಿಂದು.

ಸೆಲ್ ಮೇಲೆ 9,900 ಎಂಎಎಚ್ ಅಂತ ಅಚ್ಚಾಗಿದ್ದರೆ ಅಲ್ಲೇ ವಾಪಸ್ ಇಡಿ. ಈ ಅಳತೆಯ ಸೆಲ್ಲಿನಲ್ಲಿ 3,500ರ ಆಸುಪಾಸೇ ದೊಡ್ಡದು. ನನ್ನ ಹತ್ತಿರ ಬಂದ ಒಂದು ಲೈಟಿನ ಸೆಲ್ ಕೈಗೆ ತೀರ ಹಗುರ ಅನ್ನಿಸ್ತು. ಅಂಗಡಿ ಹೊರಗೆ ಮರಳಿನ ಮೇಲಿಟ್ಟು ಬಿಚ್ಚಿದೆ. ಒಳಗೆ ಬೆರಳಿನ ಗಾತ್ರದ ಬೇರೆ ಸಣ್ಣ ಸೆಲ್, ಸುತ್ತ ಜಾಗ ತುಂಬೋಕೆ ಬಿಳಿ ಪುಡಿ. (ನೀವು ಮಾತ್ರ ಬಿಚ್ಚಬೇಡಿ, ಶಾರ್ಟ್ ಆದರೆ ಬೆಂಕಿ.) ಬಿಚ್ಚದೇ ತಿಳಿಯೋ ದಾರಿ ತೂಕ. ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗಬೇಕು. ಆದ್ದರಿಂದ ಸೆಲ್ ಕೈಯಲ್ಲಿ ತೆಗೆದು ಹಾಕೋಕೆ ಬರೋ ಲೈಟೇ ತಗೊಳ್ಳಿ, ನಾಳೆ ಸೆಲ್ ಹೋದರೂ ಲೈಟು ಉಳಿಯತ್ತೆ.

ವಾಟರ್‌ಪ್ರೂಫ್ ಅನ್ನೋ ಮಾತಿಗೆ ಬೆಲೆ ಇಲ್ಲ, ನೀರು ಎಷ್ಟು ತಡೆಯತ್ತೆ ಅಂತ ಹೇಳೋ ಐಪಿ ನಂಬರ್ ಕೇಳಿ. ಐಪಿಎಕ್ಸ್4 ಅಂದರೆ ಎರಚಲು ತಡೆಯತ್ತೆ ಅಷ್ಟೇ. ನಿಮ್ಮ ಮಳೆಗೆ ಐಪಿ65 ಇರಲಿ. ಆದರೂ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ ಇದ್ದರೆ ನಂಬರ್ ಕಟ್ಟಿಕೊಂಡು ಏನು ಮಾಡ್ತೀರಿ? ನನ್ನ ಟೇಬಲ್ಲಿಗೆ ಬರೋ ಲೈಟುಗಳಲ್ಲಿ ಹಸಿರುಗಟ್ಟಿರೋದು ಅದೇ ತೂತು. ಹಾಗೇ, ಟೈಪ್ ಸಿ ಅಂತ ಹೇಳಿ ಒಳಗೆ ಎರಡು ಪುಡಿ ರೆಸಿಸ್ಟರ್ ಹಾಕದೇ ದುಡ್ಡು ಉಳಿಸಿರ್ತಾರೆ. ಹೊಸ ಫೋನಿನ ಸಿ-ಟು-ಸಿ ವೈರಿಗೆ ಅವು ಚಾರ್ಜೇ ಆಗಲ್ಲ, ಹಳೇ ಅಗಲ ಮೂತಿಯ ವೈರೇ ಬೇಕು. ಅಂಗಡಿಯಲ್ಲೇ ಹಾಕಿ ನೋಡಿ.

ಮಲ್ಲಿಗೆಚಪ್ಪರ:

ಬೆಸುಗೆಕಡ್ಡಿ ಅಣ್ಣ ಬಣ್ಣದ ವಿಷಯ ಬಿಟ್ಟರು. ನಾನು ಕೊಪ್ಪದವಳು, ಸಂಜೆ ಹೊತ್ತು ಹಿತ್ತಲಲ್ಲಿ ಕೂತು ಊಟ ಮಾಡೋದು ನಮ್ಮನೆ ಅಭ್ಯಾಸ. 6,500 ಕೆಲ್ವಿನ್ನಿನ ಬಿಳಿ ಲೈಟು ಹಾಕಿದ್ದಾಗ ಮೊದಲ ಮಳೆ ಬಿದ್ದ ಸಂಜೆ ಸಾರಿನ ತಟ್ಟೆ ತುಂಬ ರೆಕ್ಕೆ. ಹಾತೆಗಳಿಗೆ ನೀಲಿ ಹೆಚ್ಚಿರೋ ಬೆಳಕೇ ಪ್ರೀತಿ. ಈಗ ಊಟದ ಹತ್ತಿರ 2,700 ಕೆಲ್ವಿನ್ನಿನ ಹಳದಿ, ಸಣ್ಣಗೆ. ಬಿಳೀದನ್ನ ಇಪ್ಪತ್ತು ಹೆಜ್ಜೆ ಆಚೆ ಪೇರಲೆ ಕೊಂಬೆಗೆ ನೇತು ಹಾಕ್ತೀನಿ. ಹುಳ ಪೂರ್ತಿ ಹೋಗಲ್ಲ, ಆದರೆ ತಟ್ಟೆ ನೋಡದೇ ಉಣ್ಣಬಹುದು.

ಇನ್ನೊಂದು, ಮುಂಗಾರಿಗೆ ಮುಂಚೆ ಮಿಂಚುಹುಳ ಬರೋ ದಿನಗಳಲ್ಲಿ ದಯವಿಟ್ಟು ಎಲ್ಲಾ ಆರಿಸಿಬಿಡಿ. ನಮ್ಮ ಬೆಳಕಿನಲ್ಲಿ ಅವು ಒಂದಕ್ಕೊಂದು ಕಾಣಿಸಲ್ಲ.

ಕೆಳಗಿನತೋಟ:

ಎಲ್ಲರಿಗೂ ಧನ್ಯವಾದ. ಎರಡು ಸಂಶಯ. ಸೋಲಾರ್ ಪೂರ್ತಿ ದಂಡವಾ? ಹೆಡ್‌ಲ್ಯಾಂಪ್ ಒಂದಿದ್ದರೆ ತೋಟಕ್ಕೆ ಟಾರ್ಚು ಬೇಡವಾ?

ಬೆಸುಗೆಕಡ್ಡಿ:

ಅಂಗೈ ಅಗಲದ ಪ್ಯಾನೆಲ್ ಬೇಸಿಗೆ ಬಿಸಿಲಲ್ಲೂ ಸೆಲ್ ತುಂಬೋಕೆ ದಿನಗಟ್ಟಲೆ ತಿನ್ನತ್ತೆ. ಅಡಿಕೆ ಮರದ ನೆರಳಲ್ಲಿ, ಅದೂ ಜೂನಿಂದ ಸೆಪ್ಟೆಂಬರ್, ಕೇಳೋದೇ ಬೇಡ. ಅದರ ದುಡ್ಡನ್ನ ಇನ್ನೊಂದು ಸೆಲ್ಲಿಗೆ ಹಾಕಿ. ಖಾಲಿ ಮಾಡಿ ತಿಂಗಳುಗಟ್ಟಲೆ ಮೂಲೆಗೆ ಎಸೆಯಬೇಡಿ, ಅರ್ಧ ಚಾರ್ಜಿನಲ್ಲಿ ಎತ್ತಿಡಿ.

ತೋಟಕ್ಕೆ ಟಾರ್ಚು ಬೇಕೇ ಬೇಕು. ಹಣೆಯ ಬೆಳಕು ಕಣ್ಣಿನ ಪಕ್ಕದಿಂದಲೇ ಹೋಗತ್ತೆ, ನೆರಳು ವಸ್ತುವಿನ ಹಿಂದೆ ಅಡಗತ್ತೆ, ನೆಲ ಎಲ್ಲಾ ಚಪ್ಪಟೆ. ಟಾರ್ಚನ್ನ ಮೊಣಕಾಲ ಹತ್ತಿರ ಹಿಡಿದು ಓರೆಯಾಗಿ ಬಿಡಿ. ಒಣ ಅಡಿಕೆ ಹಾಳೆ ಪಕ್ಕದಲ್ಲಿ ಕೊಳಕು ಮಂಡಲದ ಹಾವು ಸುತ್ತಿಕೊಂಡಿದ್ದರೆ ಅದರ ಉಬ್ಬಿಗೆ ನೆರಳು ಬಿದ್ದು ಬೇರೆಯಾಗಿ ಕಾಣತ್ತೆ.

ಕೆಳಗಿನತೋಟ:

ನಿನ್ನೆ ರಾತ್ರಿ ಮೆಟ್ಟಿಲ ಮೇಲೆ ಎರಡೂ ಥರ ಹಿಡಿದು ನೋಡಿದೆ. ಹಣೆ ಹತ್ತಿರ ಹಿಡಿದಾಗ ಎಲೆ, ಕಲ್ಲು, ಹಾಳೆ ಎಲ್ಲಾ ಒಂದೇ ಕಂದು. ಕೆಳಗೆ ಹಿಡಿದ ಕೂಡಲೇ ಕಾದಿಗೆ (ತೋಟದ ಬಸಿಗಾಲುವೆ) ಅಂಚಿನ ಏಡಿ ಕೂಡ ಕಾಲಿನ ಲೆಕ್ಕ ಸಿಗೋ ಹಾಗೆ ಎದ್ದು ಕಾಣ್ತು. ಅಂತೂ ತೀರ್ಮಾನ: ಒಂದು ಟಾರ್ಚು, 3 ಸೆಲ್ಲಿನ ಹಳದಿ ಲ್ಯಾಂಟರ್ನ್ ಒಂದು. ಹೆಡ್‌ಲ್ಯಾಂಪ್ ಮಕ್ಕಳು ಅವರಪ್ಪನ ಹತ್ತಿರ ಕೇಳಿಕೊಳ್ಳಲಿ.

ಹಳೇ ಲ್ಯಾಂಟರ್ನಿನ ಸೆಲ್ ತೆಗೆದು ಹೆಂಡತಿಯ ಕೇಕಿನ ತಕ್ಕಡಿ ಮೇಲೂ ಇಟ್ಟೆ. 27 ಗ್ರಾಂ.