ಅಪ್‌ಡೇಟ್: ಸಣಕಲು ಮೈಗೆ ತೂಕ ಹೆಚ್ಚಿಸುವ ಬಗ್ಗೆ ಕೇಳಿದ್ದೆ

ಮೊದಲಿನಿಂದಲೂ ಸಣಕಲಾಗಿರುವ ನಾನು, ಹೊಟ್ಟೆ ಬಾರದಂತೆ ಸ್ನಾಯು ಮತ್ತು ತೂಕವನ್ನು ಹೆಚ್ಚಿಸಿಕೊಳ್ಳುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಲವರು ಸೂಚಿಸಿದಂತೆ ಮೊದಲು ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದೆ, ಎರಡೂ ಸರಿಯಾಗಿವೆ.

ಹೆಚ್ಚು ಫಲ ಕೊಟ್ಟದ್ದು ಆಹಾರದ ಬದಲಾವಣೆ. ಒಂದೇ ಸಲಕ್ಕೆ ಹೆಚ್ಚು ಉಣ್ಣಲು ನನ್ನಿಂದಾಗದ ಕಾರಣ, ದಿನಕ್ಕೆ 300ರಿಂದ 500 ಕ್ಯಾಲೊರಿಗಳಷ್ಟು ಹೆಚ್ಚುವರಿ ಆಹಾರವನ್ನು ಇಡೀ ದಿನಕ್ಕೆ ಹಂಚಿಕೊಂಡೆ. ಬೆಳಗಿನ ರಾಗಿ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಇಳಿಸುವ ಮುನ್ನ ಒಂದು ಚಮಚ ತುಪ್ಪ ಬೆರೆಸುತ್ತೇನೆ. ಸಂಜೆ ಬಾಳೆಹಣ್ಣಿನ ಜೊತೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ತಿನ್ನುತ್ತೇನೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ ಎಂಬುದು ದುಬಾರಿ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ಕೊಳ್ಳುವವರಿಗೆ ತಿಳಿದಿರಬೇಕು. ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್ ಎಂಬ ಲೆಕ್ಕದಲ್ಲಿ, ಆಗ 54 ಕಿಲೋ ಇದ್ದ ನನಗೆ ದಿನಕ್ಕೆ ಸುಮಾರು 86 ಗ್ರಾಂ ಬೇಕಿತ್ತು. ಬರೀ ಅನ್ನ ಸಾರಿನಿಂದ ಅದು ಒದಗುವುದಿಲ್ಲವಾದ್ದರಿಂದ ಮೊಟ್ಟೆ, ಮೊಸರು ಮತ್ತು ಮೊಳಕೆ ಹೆಸರುಕಾಳಿನ ಉಸಲಿಯನ್ನು ನಿತ್ಯದ ಊಟಕ್ಕೆ ಸೇರಿಸಿಕೊಂಡೆ.

ಜಿಮ್‌ನಲ್ಲಿ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್ ಎಂಬ ಭಾರ ಎತ್ತುವ ವ್ಯಾಯಾಮಗಳನ್ನು ಮಾಡುತ್ತೇನೆ. ಎತ್ತಿದ ಭಾರವನ್ನು ಪುಸ್ತಕದಲ್ಲಿ ಬರೆದಿಟ್ಟು, ಒಂದು ಭಾರವನ್ನು 12 ಬಾರಿ ಸರಿಯಾದ ಭಂಗಿಯಲ್ಲಿ ಎತ್ತಲು ಸಾಧ್ಯವಾದ ಬಳಿಕವೇ 2.5 ಕಿಲೋ ಹೆಚ್ಚಿಸುತ್ತೇನೆ. ಬೇಗ ದಪ್ಪ ಮಾಡುವುದಾಗಿ ಹೇಳಿ ಕೊಡುವ, ಹೆಸರಿಲ್ಲದ ಪುಡಿಗಳನ್ನು ದಯವಿಟ್ಟು ಯಾರೂ ಮುಟ್ಟಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇರುತ್ತದೆ.

ಈಗ ತೂಕ 59 ಕಿಲೋಗೆ ಬಂದು ನಿಂತಿದೆ. ಮೈ ಹಿಗ್ಗಿದಂತೆ ಅದರ ಬೇಡಿಕೆಯೂ ಹೆಚ್ಚುವುದರಿಂದ, ರಾತ್ರಿ ಹಾಲಿಗೆ ಹುರಿಹಿಟ್ಟು ಸೇರಿಸಲು ಆರಂಭಿಸಿದ್ದೇನೆ.