ಬೇಡವಾದ ಹಾಲಿಡೇ ಕ್ಲಬ್ ಸದಸ್ಯತ್ವ: ಬಿಡಿಸಿಕೊಡುತ್ತೇವೆ ಎನ್ನುವವರಿಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ನಾಲ್ಕು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ತುಂಬಿಕೊಟ್ಟ ಲಕ್ಕಿ ಡ್ರಾ ಚೀಟಿಗೆ ಬಹುಮಾನ ಬಂದಿದೆಯೆಂದು ಕರೆ ಬಂದಿತು. ಯಜಮಾನರೂ ನಾನೂ ಪಿ.ಬಿ. ರಸ್ತೆಯ ಹೋಟೆಲೊಂದಕ್ಕೆ ಹೋದೆವು. ಅರ್ಧ ಗಂಟೆಯ ಕೆಲಸವೆಂದವರು ಮೂರು ಗಂಟೆ ಕೂರಿಸಿಕೊಂಡು, ಈ ದರ ಇವತ್ತಿಗೆ ಮಾತ್ರ ಎಂದು ಒತ್ತಾಯಿಸಿ, 25 ವರ್ಷಗಳವರೆಗೆ ವರ್ಷಕ್ಕೆ 7 ದಿನ ರೆಸಾರ್ಟ್ ವಾಸದ ಸದಸ್ಯತ್ವಕ್ಕೆ ಸಹಿ ಹಾಕಿಸಿಕೊಂಡರು. ಒಟ್ಟು 3,20,000 ರೂಪಾಯಿ ಕಟ್ಟಿದ್ದೇವೆ. ಶಾಲೆಯ ರಜೆಯಲ್ಲಿ ಕೇಳಿದ ಊರು ಒಮ್ಮೆಯೂ ಸಿಕ್ಕಿಲ್ಲ, ಆದರೆ ವಾರ್ಷಿಕ ನಿರ್ವಹಣಾ ಶುಲ್ಕದ ಬೇಡಿಕೆ ಮಾತ್ರ ತಪ್ಪದೆ ಬರುತ್ತಿದೆ.

ಕಳೆದ ವಾರ ಬೇರೊಂದು ಸಂಸ್ಥೆಯವರೆಂದು ಹೇಳಿಕೊಂಡವರು ಕರೆ ಮಾಡಿ, ನಮ್ಮ ಸದಸ್ಯತ್ವವನ್ನು 4,50,000 ರೂಪಾಯಿಗೆ ಕೊಳ್ಳುವವರು ಸಿದ್ಧರಿದ್ದಾರೆ, ವರ್ಗಾವಣೆ ಶುಲ್ಕ ಮತ್ತು ಜಿಎಸ್‌ಟಿ ಎಂದು 46,000 ರೂಪಾಯಿ ಮೊದಲು ಕಟ್ಟಬೇಕು ಎಂದರು. ನಮ್ಮ ಸದಸ್ಯತ್ವ ಸಂಖ್ಯೆಯನ್ನೂ ಕಟ್ಟಿದ ಮೊತ್ತವನ್ನೂ ಅವರೇ ಹೇಳಿದ್ದರಿಂದ ಯಜಮಾನರಿಗೆ ನಂಬಿಕೆ ಬಂದಿದೆ. ಏನು ಮಾಡುವುದು?

ಉತ್ತರ 1: ಚಿತ್ರದುರ್ಗದವ

ಮೇಡಂ, ದಯವಿಟ್ಟು ಕಟ್ಟಬೇಡಿ. ನಾನು ಇದೇ ರೀತಿ 27,000 ಕಳೆದುಕೊಂಡವನು. ಮೊದಲು ವರ್ಗಾವಣೆ ಶುಲ್ಕ ಎಂದರು, ಅದನ್ನು ಕಟ್ಟಿದ ಮೇಲೆ ಟಿಡಿಎಸ್ ಎಂದರು, ಮೂರನೆಯ ಬಾರಿ ಕೇಳಿದಾಗ ನಾನು ಎಚ್ಚೆತ್ತೆ, ಅಷ್ಟರಲ್ಲಿ ಆ ಫೋನ್ ನಂಬರು ಸತ್ತಿತ್ತು. ನಮ್ಮ ವಿವರ ಅವರಿಗೆ ಗೊತ್ತಿರುವುದು ಪ್ರಾಮಾಣಿಕತೆಗೆ ಸಾಕ್ಷಿಯಲ್ಲ, ಪಟ್ಟಿ ಎಲ್ಲಿಂದಲೋ ಸೋರಿದೆ ಎನ್ನುವುದಕ್ಕಷ್ಟೇ ಸಾಕ್ಷಿ. ನಿಮ್ಮ ಯಜಮಾನರಿಗೆ ಒಂದು ಪರೀಕ್ಷೆ ಹೇಳಿ: ಶುಲ್ಕವನ್ನು ಕೊಳ್ಳುವವನಿಂದ ಬರುವ ನಾಲ್ಕೂವರೆ ಲಕ್ಷದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕಳಿಸಿ ಎಂದು ಕರೆ ಮಾಡಿದವನಿಗೆ ಹೇಳಲಿ. ಯಾರಿಗಾದರೂ ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾನು ನಾಚಿಕೆಯಿಂದ ಹನ್ನೆರಡು ದಿನ ಸುಮ್ಮನಿದ್ದೆ.

ಉತ್ತರ 2: ಹದಡಿ ರಸ್ತೆಯ ವಕೀಲ

ಮೇಲಿನವರ ಮಾತು ಸರಿ. ಸದಸ್ಯತ್ವದಿಂದ ಹೊರಬರುವ ದಾರಿ ಮೂಲ ಕಂಪನಿಯೊಂದಿಗಿನ ಒಪ್ಪಂದದಲ್ಲೂ ಗ್ರಾಹಕ ಕಾನೂನಿನಲ್ಲೂ ಇದೆಯೇ ಹೊರತು ಮೂರನೆಯವರ ಕೈಯಲ್ಲಿಲ್ಲ. ಯುರೋಪಿನ ದೇಶಗಳಲ್ಲಿ ಟೈಮ್‌ಶೇರ್ (ನಿಮ್ಮದರಂತೆ ವರ್ಷಕ್ಕಿಷ್ಟು ದಿನದ ವಾಸದ ಹಕ್ಕು) ಕೊಂಡವರಿಗೆ ಕಾರಣ ಕೊಡದೆ ರದ್ದುಪಡಿಸಲು 14 ದಿನಗಳ ಅವಕಾಶವನ್ನು ಕಾನೂನೇ ಕೊಟ್ಟಿದೆ. ನಮ್ಮಲ್ಲಿ ಒಪ್ಪಂದದ ಹಿಂಬದಿಯ ಸಣ್ಣ ಅಕ್ಷರಗಳನ್ನೇ ಓದಬೇಕು. ಅದರಲ್ಲಿ ಅಂಥ ಅವಧಿ ಇದ್ದರೂ ನಿಮಗೆ ಅದು ಮುಗಿದಿರಬಹುದು. ಆದರೂ ರದ್ದತಿ, ಮರುಪಾವತಿ ಮತ್ತು ವರ್ಗಾವಣೆಯ ಷರತ್ತುಗಳು ಏನು ಹೇಳುತ್ತವೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಬಳಿಕ ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮೂಲಕವೂ ಇ-ಮೇಲ್ ಮೂಲಕವೂ ಪತ್ರ ಬರೆಯಿರಿ. ಹೋಟೆಲಿನಲ್ಲಿ ಏನು ಭರವಸೆ ಕೊಟ್ಟರು, ಯಾವ ದಿನಾಂಕಕ್ಕೆ ಕೊಠಡಿ ಕೇಳಿದಿರಿ, ಏನು ಉತ್ತರ ಬಂತು ಎಂಬುದನ್ನು ದಿನಾಂಕ ಸಮೇತ ಬರೆದು, ಸದಸ್ಯತ್ವ ರದ್ದುಪಡಿಸಿ ಹಣ ಹಿಂದಿರುಗಿಸುವಂತೆ ಗಡುವು ಕೊಡಿ. ಫೋನಿನಲ್ಲಿ ಎಷ್ಟು ಜಗಳವಾಡಿದರೂ ಅದು ಕಡತಕ್ಕೆ ಸೇರುವುದಿಲ್ಲ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು. ಎಷ್ಟೋ ಬಾರಿ ಕಂಪನಿಯವರು ಬಾಯಿ ಬಿಡುವುದೇ ಆಗ.

ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವ್ಯಾಜ್ಯಗಳೆಲ್ಲ ಮುಂಬೈಯಲ್ಲೋ ದೆಹಲಿಯಲ್ಲೋ ನಡೆಯತಕ್ಕದ್ದು ಎಂಬ ಸಾಲು ನಿಮ್ಮ ಒಪ್ಪಂದದಲ್ಲಿದ್ದರೆ ಅದನ್ನು ನೋಡಿ ಎದೆಗುಂದಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. ಒಪ್ಪಂದದಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥಗಾರರಿಂದ ತೀರ್ಮಾನ) ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ (ನನ್ನ ಕಸುಬಿಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ). ನಿಮ್ಮ ಪ್ರಕರಣದ ಕಷ್ಟವಿರುವುದು ಕಾಲಮಿತಿಯಲ್ಲಿ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಅದನ್ನು ನೀವು ಸಹಿ ಹಾಕಿದ ದಿನದಿಂದ ಕಂಪನಿ ಎಣಿಸುತ್ತದೆ, ಕಂಪನಿ ಕೊನೆಯ ಬಾರಿ ಕೊಠಡಿ ನಿರಾಕರಿಸಿದ ದಿನದಿಂದ ಎಣಿಸಬೇಕೆಂದು ನೀವು ವಾದಿಸಬೇಕಾಗುತ್ತದೆ. ಆದ್ದರಿಂದ ನಿರಾಕರಣೆಯ ಇ-ಮೇಲ್‌ಗಳನ್ನು ಅಳಿಸಬೇಡಿ. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರವೂ ಆಯೋಗಕ್ಕಿದೆ.

ಉತ್ತರ 3: ನಿವೃತ್ತ ಬ್ಯಾಂಕ್ ನೌಕರ

ನಿರ್ವಹಣಾ ಶುಲ್ಕ ನಿಮ್ಮ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದರೆ, ಸಿಟ್ಟಿನಿಂದ ಖಾತೆ ಬರಿದು ಮಾಡಿಡುವ ಉಪಾಯ ಬೇಡ. ಹಣವಿಲ್ಲದೆ ಆ ಕಡಿತ ವಾಪಸಾದರೆ ಚೆಕ್ ಬೌನ್ಸ್‌ನಂತೆಯೇ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಮೊಕದ್ದಮೆಗೆ ದಾರಿಯಾಗಬಹುದು. ಕಂಪನಿಗೆ ಪತ್ರ ಕೊಟ್ಟು, ಅದರ ಪ್ರತಿಯೊಂದಿಗೆ ಬ್ಯಾಂಕಿನಲ್ಲಿ ಮ್ಯಾಂಡೇಟ್ (ತಾನಾಗಿ ಕಡಿತಕ್ಕೆ ನೀವು ಕೊಟ್ಟ ಒಪ್ಪಿಗೆ) ರದ್ದುಪಡಿಸಿ ಸ್ವೀಕೃತಿ ಪಡೆಯಿರಿ. ಸದಸ್ಯತ್ವಕ್ಕೆ ಫೈನಾನ್ಸ್ ಕಂಪನಿಯಿಂದ ಸಾಲ ಮಾಡಿದ್ದರೆ ಅದು ಬೇರೆಯೇ ಲೆಕ್ಕ. ಅದರ ಕಂತು ನಿಲ್ಲಿಸಿದರೆ ನಿಮ್ಮ ಸಿಬಿಲ್ ಅಂಕಕ್ಕೆ ಪೆಟ್ಟು ಬೀಳುತ್ತದೆ.

ಶಿಕ್ಷಕಿ, ವಿದ್ಯಾನಗರ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಆತ ಮತ್ತೆ ಕರೆ ಮಾಡಿದಾಗ, ಬರುವ ಹಣದಲ್ಲೇ ಶುಲ್ಕ ಹಿಡಿದುಕೊಳ್ಳಿ ಎಂದು ಯಜಮಾನರೇ ಹೇಳಿದರು. ಮೇಲಧಿಕಾರಿಯನ್ನು ಕೇಳಿ ಹೇಳುತ್ತೇನೆ ಎಂದವನ ಸುದ್ದಿ ಆಮೇಲೆ ಇಲ್ಲ. ಸಾಲವೇನೂ ಮಾಡಿಲ್ಲ. ಕೊಠಡಿ ಇಲ್ಲವೆಂದ ಐದು ಇ-ಮೇಲ್‌ಗಳು ಸಿಕ್ಕಿವೆ, ಕೊನೆಯದು ಇದೇ ಏಪ್ರಿಲ್ ತಿಂಗಳಿನದು. ಸೋಮವಾರ ಪತ್ರ ಕಳಿಸುತ್ತೇವೆ. ಸಹಿ ಯಜಮಾನರೊಬ್ಬರದೇ ಸಾಕೇ?

ಹದಡಿ ರಸ್ತೆಯ ವಕೀಲ:

ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಪತ್ರಕ್ಕೂ ಇಬ್ಬರೂ ಹಾಕಿ. ಏಪ್ರಿಲ್‌ನ ಇ-ಮೇಲ್ ಪ್ರತಿಯನ್ನು ಮೊದಲ ಅಡಕವಾಗಿ ಲಗತ್ತಿಸಿ.