ಟಾರ್ಚು ಒಂದು ಕೈ, ಬಂದೂಕು ಒಂದು ಕೈ

"ಕೈಯಲ್ಲಿ ಬಂದೂಕು ಉಂಟು, ಬಂದೂಕಿನಲ್ಲಿ ಗುಂಡು ಉಂಟು. ಮತ್ತೆ ಎಂತದ್ದು ಹೆದರಿಕೆ?" ಎಂದರು ಶೆಟ್ರು. ಸೋಫಾದಲ್ಲಿ ಕಾಲು ಮಡಚಿ ಕೂತಿದ್ದರು. ಬನ್ಸಿನ ಪ್ಲೇಟು ಅವರ ವಶದಲ್ಲಿತ್ತು. ಆಡುತ್ತಿದ್ದವನು ಪಿಂಟೋ, ಬೆವರುತ್ತಿದ್ದವನೂ ಅವನೇ.

ಮಂಗಳೂರಿನ ಬಿಜೈಯಲ್ಲಿ ಪಿಂಟೋನ ಮನೆ. ಆಟಿ ತಿಂಗಳ ಮಳೆ. ಹೊರಗೆ ಹೋದರೆ ರಸ್ತೆ ಯಾವುದು, ತೋಡು ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ದುಬೈಯ ಅಣ್ಣ ತಂದುಕೊಟ್ಟ ಪ್ಲೇಸ್ಟೇಷನ್ 4ರ ಮುಂದೆ ನಾವೆಲ್ಲ ಠಿಕಾಣಿ ಹೂಡಿದ್ದೆವು. ಲೈಟು ಆಫ್, ಕರ್ಟನ್ ಎಳೆದಾಗಿದೆ. ಹೆದರುವ ವ್ಯವಸ್ಥೆಗೆ ಏನೂ ಕಮ್ಮಿ ಇರಲಿಲ್ಲ.

ಟಿವಿಯಲ್ಲಿ ಡೂಮ್ 3 ಎಂಬ ದೆವ್ವ ಹೊಡೆಯುವ ವಿಡಿಯೋ ಗೇಮು. ಇಸವಿ 2145, ಜಾಗ ಮಂಗಳ ಗ್ರಹ. ಅಲ್ಲಿ ಒಂದು ಕಂಪೆನಿಯ ವಿಜ್ಞಾನಿಗಳು ಪ್ರಯೋಗ ಮಾಡುತ್ತಾ ನರಕಕ್ಕೆ ಬಾಗಿಲು ತೆರೆದಿದ್ದಾರೆ. ತೆರೆದವರು ಅವರು, ಮುಚ್ಚುವ ಕೆಲಸ ಮಾತ್ರ ಪಿಂಟೋನದ್ದು.

"ಶೆಟ್ರೇ, ಇದು ರಿಪೇರಿ ಮಾಡಿದ ಡೂಮ್" ಎಂದರು ಭಟ್ರು. "ಅಸಲಿದು 2004ರಲ್ಲಿ ಕಂಪ್ಯೂಟರಿಗೆ ಬಂದದ್ದು. ಅದರಲ್ಲಿ ಟಾರ್ಚು ಹಿಡಿದರೆ ಬಂದೂಕು ಇಲ್ಲ, ಬಂದೂಕು ಹಿಡಿದರೆ ಟಾರ್ಚು ಇಲ್ಲ. ಎರಡರಲ್ಲಿ ಒಂದು."

ಶೆಟ್ರು ಬನ್ಸು ಕೆಳಗಿಟ್ಟರು. "ಮಂಗಳಕ್ಕೆ ಹೋಗಲು ರಾಕೆಟ್ ಉಂಟು, ಬಂದೂಕಿಗೆ ಟಾರ್ಚು ಕಟ್ಟಲು ಒಂದು ಟೇಪು ಇಲ್ಲವಾ ಮಾರಾಯ್ರೆ? ಕಾರ್‌ಸ್ಟ್ರೀಟಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ!"

ಈ ಪ್ರಶ್ನೆ ಕೇಳಿದವರಲ್ಲಿ ಶೆಟ್ರು ಮೊದಲಿನವರಲ್ಲ. ಕಂಪ್ಯೂಟರಿನಲ್ಲಿ ಆಡುವವರು ಆಗಲೇ ಸಿಟ್ಟಿಗೆದ್ದು, ಬಂದೂಕಿಗೆ ಟಾರ್ಚು ಅಂಟಿಸುವ ಒಂದು ಮಾಡ್, ಅಂದರೆ ಆಟವನ್ನು ಬದಲಿಸುವ ಪ್ರೋಗ್ರಾಮು, ತಾವೇ ಬರೆದುಕೊಂಡಿದ್ದರು. ಅದಕ್ಕೆ ಇಟ್ಟ ಹೆಸರೇ ಡಕ್ಟ್ ಟೇಪ್. 2005ರಲ್ಲಿ ಆಟ ಎಕ್ಸ್‌ಬಾಕ್ಸಿಗೂ ಬಂತು. 2012ರಲ್ಲಿ ಪುನಃ ಹೊರತಂದ ಬಿಎಫ್‌ಜಿ ಎಂಬ ಆವೃತ್ತಿಯಲ್ಲಿ ಆಟ ಮಾಡಿದವರೇ ಟಾರ್ಚನ್ನು ಸೈನಿಕನ ಕವಚಕ್ಕೆ ಸಿಕ್ಕಿಸಿಬಿಟ್ಟರು. ಪಿಂಟೋ ಆಡುತ್ತಿದ್ದದ್ದು ಆ ಕವಚದ ಟಾರ್ಚಿನ ಡೂಮ್.

ಭಟ್ರಿಗೆ ಅದೇ ಬೇಸರ. "ಗುರ್ ಎಂದು ಸದ್ದು ಬಂತು. ಟಾರ್ಚು ಹಾಕಿದಿರಿ, ಹಲ್ಲು ಕಂಡಿತು. ಈಗ ಟಾರ್ಚು ಬಿಟ್ಟು ಬಂದೂಕು ತೆಗೆಯಬೇಕು. ತೆಗೆದ ಕೂಡಲೇ ಪುನಃ ಕತ್ತಲೆ. ಹಲ್ಲು ಉಂಟು ಎಂದು ಗೊತ್ತು, ಎಲ್ಲಿ ಉಂಟು ಎಂದು ಗೊತ್ತಿಲ್ಲ. ಹೆದರಿಕೆ ಎಂದರೆ ಅದು!"

ನನ್ನ ಓಟು ಭಟ್ರಿಗೇ. ಎಲ್ಲ ಕಾಣುತ್ತದೆ, ಎಲ್ಲಕ್ಕೂ ಹೊಡೆಯಬಹುದು ಎಂದಾದರೆ ದೆವ್ವದ ಆಟವೂ ಒಂದೇ, ಕೇರಂ ಆಟವೂ ಒಂದೇ.

ಪಿಂಟೋ ಪಾಜ್ ಒತ್ತಿ ತನ್ನ ಗೋಳು ಶುರು ಮಾಡಿದ. ಕಂಪ್ಯೂಟರಿನಲ್ಲಿ ಮೌಸ್ ಒಮ್ಮೆ ಸರಕ್ಕನೆ ಎಳೆದರೆ ಹಿಂದೆ ತಿರುಗಿ ಆಯಿತು. ಕಂಟ್ರೋಲರಿನಲ್ಲಿ ಹೆಬ್ಬೆರಳಿನ ಕಡ್ಡಿ. ಅದನ್ನು ಎಷ್ಟು ಒತ್ತಿದರೂ ತಿರುಗುವ ವೇಗಕ್ಕೆ ಒಂದು ಮಿತಿ ಉಂಟು. ಬೆನ್ನ ಹಿಂದೆ ಯಾರೋ ಉಸಿರು ಬಿಡುತ್ತಿರುತ್ತಾರೆ, ಇವನು ಮದುವೆ ಮನೆಗೆ ಹೊರಟವರ ಹಾಗೆ ನಿಧಾನಕ್ಕೆ ತಿರುಗುತ್ತಿರುತ್ತಾನೆ. ಅದರ ಮೇಲೆ ಕಂಟ್ರೋಲರಿನ ನಡುಕ ಬೇರೆ. ಒಳಗೆ ಎರಡು ಮೋಟಾರು, ಒಂದಕ್ಕೆ ದೊಡ್ಡ ಭಾರ, ಒಂದಕ್ಕೆ ಚಿಕ್ಕದು. ಭಾರ ಒಂದು ಬದಿಗೆ ಇರುವುದರಿಂದ ತಿರುಗಿದಾಗ ಕೈ ಗಡಗಡ ಅನ್ನುತ್ತದೆ.

"ಅದು ಕಂಟ್ರೋಲರ್ ಅಲ್ಲ, ನಿನ್ನ ಕೈ" ಎಂದರು ಶೆಟ್ರು.

ಭಟ್ರು ಆಗಲೇ ಯಕ್ಷಗಾನಕ್ಕೆ ಹೋಗಿಯಾಗಿತ್ತು. ಯಾವ ಮಾತು ತೆಗೆದರೂ ಭಟ್ರು ಕೊನೆಗೆ ಅಲ್ಲಿಗೇ ಮುಟ್ಟುವುದು. ಆದರೆ ಈ ಸಲ ಮಾತಿನಲ್ಲಿ ಹುರುಳಿತ್ತು.

"ಮಹಿಷಾಸುರ ಎಲ್ಲಿಂದ ಬರುತ್ತಾನೆ ಹೇಳಿ? ನೀವು ರಂಗಸ್ಥಳ ನೋಡುತ್ತಾ ಕೂತಿರುತ್ತೀರಿ, ಅವನು ಸಭೆಯ ಹಿಂದಿನಿಂದ ಬರುತ್ತಾನೆ. ಮೊದಲು ಚೆಂಡೆ ಏರುತ್ತದೆ. ಎಲ್ಲೋ ದೂರದಲ್ಲಿ ಆರ್ಭಟೆ. ಆಮೇಲೆ ದೊಂದಿ, ರಾಳದ ಬೆಂಕಿ. ನಿದ್ದೆ ತೂಗುತ್ತಿದ್ದ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. ರಂಗಸ್ಥಳ ಹತ್ತಿ ಅರ್ಥ ಹೇಳಲು ಶುರು ಮಾಡಿದ ಮೇಲೆ ಹೆದರಿಕೆ ಎಲ್ಲಿ ಉಂಟು? ಮೊದಲು ಸದ್ದು, ಕೊನೆಗೆ ಮುಖ. ಈ ಆಟ ಮಾಡುವವರಿಗೂ ಆ ವಿದ್ಯೆ ಗೊತ್ತುಂಟು."

"ಮಹಿಷಾಸುರನಿಗೆ ಮಾತಾದರೂ ಬರುತ್ತದೆ. ಇವಕ್ಕೆ ಬರೀ ಗುರ್ ಗುರ್" ಎಂದು ಶೆಟ್ರು ಕಂಟ್ರೋಲರ್ ಕಸಿದುಕೊಂಡರು. "ಬೇರೆ ಹಾಕು ಪಿಂಟೋ. ಇದು ಮಕ್ಕಳದ್ದು."

ರೆಸಿಡೆಂಟ್ ಈವಿಲ್ 7 ಹಾಕಿದೆವು, 2017ರದ್ದು. ಅಮೆರಿಕದ ಲೂಸಿಯಾನಾದಲ್ಲಿ ಒಂದು ಹಾಳುಬಿದ್ದ ಮನೆ, ಒಳಗೆ ತಲೆಕೆಟ್ಟ ಒಂದು ಕುಟುಂಬ. ಇಲ್ಲಿಯೂ ಬಂದೂಕು ಉಂಟು, ಆದರೆ ಗುಂಡು ರೇಷನ್ ಲೆಕ್ಕದಲ್ಲಿ. ಮನೆಯ ಯಜಮಾನ ಹೊಡೆದರೆ ಬೀಳುತ್ತಾನೆ, ಬಿದ್ದವ ಪುನಃ ಎದ್ದು ಬರುತ್ತಾನೆ. ಶೆಟ್ರು ಇದ್ದ ಗುಂಡಿನಲ್ಲಿ ಅರ್ಧ ಗೋಡೆಗೆ ಹೊಡೆದರು, ಉಳಿದರ್ಧ ನೆರಳಿಗೆ. ಆಮೇಲೆ ಕೈಯಲ್ಲಿ ಉಳಿದದ್ದು ಒಂದು ಚೂರಿ.

"ಗುಂಡು ಉಂಟಲ್ಲಾ ಶೆಟ್ರೇ?" ಎಂದರು ಭಟ್ರು, ತುಂಬಾ ಮರ್ಯಾದೆಯಿಂದ.

ಆಗ ಪಿಂಟೋನ ಅಮ್ಮ ಚಾ ತಂದರು. ಟ್ರೇ ಹಿಡಿದುಕೊಂಡೇ ಸ್ವಲ್ಪ ಹೊತ್ತು ಟಿವಿ ನೋಡಿದರು. ಆ ಆಟದಲ್ಲಿ ಗಾಲಿಕುರ್ಚಿಯ ಒಬ್ಬ ಅಜ್ಜಿ ಇದ್ದಾರೆ. ಮಾತಿಲ್ಲ ಕತೆಯಿಲ್ಲ, ಇಲ್ಲೊಮ್ಮೆ ಅಲ್ಲೊಮ್ಮೆ ಸುಮ್ನೆ ಕೂತಿರುತ್ತಾರೆ. ಕಂಡವರ ಎದೆ ಧಸಕ್ಕೆನ್ನುತ್ತದೆ. ಆಂಟಿಗೆ ಮಾತ್ರ ಬೇರೆಯೇ ಚಿಂತೆ.

"ಈ ಪ್ರಾಯದವರನ್ನು ಹೀಗೆ ಒಬ್ಬರನ್ನೇ ಬಿಟ್ಟು ಹೋಗುವುದಾ? ಊಟ ಕೊಟ್ಟಿದ್ದಾರಾ ಇಲ್ಲವಾ ಕೇಳು ಮಗಾ."

"ಆಂಟಿ, ಅದು ದೆವ್ವ."

"ದೆವ್ವವಾದರೆ ಊಟ ಬೇಡವಾ?"

ಅಲ್ಲಿಗೆ ಆ ಆಟದ ಹೆದರಿಕೆ ಮುಗಿಯಿತು. ಆಮೇಲೆ ಅಜ್ಜಿ ಕಂಡಾಗಲೆಲ್ಲ ನಮಗೂ ಅಯ್ಯೋ ಪಾಪ ಅನಿಸತೊಡಗಿತು.

ಕೊನೆಗೆ ಪಿಂಟೋ 2014ರ ಏಲಿಯನ್: ಐಸೊಲೇಷನ್ ತೆಗೆದ. ಇದರಲ್ಲಿ ಬಂದೂಕು ಇದ್ದೂ ಇಲ್ಲದ ಹಾಗೆ. ಬೇಟೆಗೆ ಬರುವ ಅನ್ಯಗ್ರಹದ ಜಂತುವನ್ನು ಗುಂಡಿನಿಂದ ಕೊಲ್ಲಲಾಗುವುದಿಲ್ಲ. ಬೆಂಕಿ ಉಗುಳಿಸಿದರೆ ಸ್ವಲ್ಪ ಹೊತ್ತು ಆಚೆ ಹೋಗುತ್ತದೆ, ಅಷ್ಟೇ. ಕಪಾಟಿನೊಳಗೆ ಅಡಗಿ ಉಸಿರು ಬಿಗಿಹಿಡಿಯುವುದೇ ಆಟ. ಇನ್ನೂ ಒಂದು ಕಿತಾಪತಿ ಉಂಟು. ಪ್ಲೇಸ್ಟೇಷನ್ ಕ್ಯಾಮೆರಾ ಸಿಕ್ಕಿಸಿದರೆ ಅದರ ಮೈಕು ಕೋಣೆಯ ಸದ್ದನ್ನೂ ಕೇಳುತ್ತದೆ. ನಾವು ಇಲ್ಲಿ ಕೆಮ್ಮಿದರೆ ಜಂತುವಿಗೆ ಅಲ್ಲಿ ಗೊತ್ತಾಗುತ್ತದೆ. ಬೇಡವಾದರೆ ಆಫ್ ಮಾಡಬಹುದು. ಭಟ್ರು ಬಿಡಲಿಲ್ಲ, "ಇರಲಿ, ಶೆಟ್ರು ಧೈರ್ಯವಂತರು" ಎಂದರು.

ಶೆಟ್ರು ಕಪಾಟು ಸೇರಿದರು. ಜಂತು ಕೋಣೆಗೆ ಬಂತು. ನಾವು ಯಾರೂ ಚಾ ಕೂಡ ಹೀರಲಿಲ್ಲ. ಶೆಟ್ರ ಬಾಯಲ್ಲಿ ಅರ್ಧ ಬನ್ಸು, ಅಗಿಯುವ ಹಾಗಿಲ್ಲ. ಜಂತು ಕಪಾಟಿನ ಹತ್ತಿರ ಬಂದು ಮೂಸಿತು. ಇನ್ನೇನು ಆಚೆ ತಿರುಗಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಮಿಕ್ಸಿ ಬೊಬ್ಬೆ ಹಾಕಿತು.

ಮುಂದಿನದ್ದನ್ನು ಹೇಳದಿರುವುದೇ ಶೆಟ್ರ ಮರ್ಯಾದೆಗೆ ಒಳ್ಳೆಯದು. ಬನ್ಸು ಟಿವಿಯವರೆಗೆ ಹೋಗಿತ್ತು.

"ಆಂಟೀ!" ಎಂದು ಕೂಗಿದರು ಶೆಟ್ರು, ಧ್ವನಿ ಸರಿಯಾದ ಮೇಲೆ. "ಒಂದು ಐದು ನಿಮಿಷ ಮಿಕ್ಸಿ ಹಾಕಬೇಡಿ. ದೆವ್ವಕ್ಕೆ ಕೇಳಿಸುತ್ತದೆ!"

"ಕೇಳಲಿ" ಎಂದರು ಆಂಟಿ ಒಳಗಿನಿಂದಲೇ. "ಬಂದರೆ ಇತ್ತ ಕಳುಹಿಸಿ. ಇನ್ನು ಎರಡು ತೆಂಗಿನಕಾಯಿ ತುರಿಯಲಿಕ್ಕುಂಟು."